ಮೆಲಾಟಿಯ ನಡುಕ

ಜುಲೈ 9, ಬೆಳಿಗ್ಗೆ

ಹಾವಿನ ಗಾಜಿನ ಪೆಟ್ಟಿಗೆಯ ಬಿಸಿ ಬದಿ ಮೂವತ್ತೊಂದು ಡಿಗ್ರಿ, ತಂಪು ಬದಿ ಇಪ್ಪತ್ತೈದು. ಸರಿಯಾಗಿದೆ. ಥರ್ಮೊಸ್ಟಾಟಿನ ತಂತಿ ಮತ್ತೆ ಜಾರಿತ್ತು, ಅಂಟಿಸಿದೆ. ಲೆಂಬಾಂಗಿನ ಈ ಬೆಟ್ಟದ ಚಳಿಯಲ್ಲಿ ಹೆಬ್ಬಾವು ಸಾಕುವವಳಿಗೆ ತಲೆ ಕೆಟ್ಟಿದೆ ಅನ್ನುತ್ತದೆ ಕೇರಿ. ಅನ್ನಲಿ.

ಮೆಲಾಟಿ ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿದ್ದಾಳೆ. ಹಾವು ಸಾಕುವ ನಮ್ಮ ಗುಂಪಿನ ಹಿರಿಯ ಕಾಂಗ್ ಇಯುಸ್ ಫೋನಿನಲ್ಲಿ ಬೈದರು — "ಮೊಟ್ಟೆ ತೆಗ್ದು ಇನ್‌ಕ್ಯುಬೇಟರಿಗೆ ಹಾಕೇ ತಂಗಿ. ತಾಯಿ ಹತ್ರ ಬಿಟ್ರೆ ಎಲ್ಲಾ ಹಾಳು." ಮನಸ್ಸು ಬರಲಿಲ್ಲ. ಅವಳೇ ಇಟ್ಟದ್ದು, ಅವಳೇ ನೋಡಿಕೊಳ್ಳಲಿ.

ನನ್ನಮ್ಮ, ಅಂಬು, ಬಾಗಿಲಾಚೆಯಿಂದಲೇ — "ಏನಾದ್ರೂ ತಿಂತಾ ಅದು, ಇಮಾಸ್?"

"ಕಾವಿಗೆ ಕೂತಾಗ ಏನೂ ತಿನ್ನಲ್ಲ ಅಂಬು."

"ನಿನ್ನ ಹೆತ್ತಾಗ ನಾನು ಮೂರು ತಟ್ಟೆ ಅನ್ನ ತಿಂತಿದ್ದೆ!"

ಹೇಳಿ ಓಡಿದಳು. ಈ ಕೋಣೆಯ ಹೊಸ್ತಿಲನ್ನು ಅಮ್ಮ ಇವತ್ತಿನವರೆಗೆ ದಾಟಿಲ್ಲ. ಹೆಸರೂ ಹಿಡಿಯುವುದಿಲ್ಲ. ಬರೀ "ಅದು".

ಜುಲೈ 14

ಮಧ್ಯಾಹ್ನ ಕರೆಂಟ್ ಹೋಯಿತು. ಹೀಟರ್ ಸತ್ತಿತು. ಪೆಟ್ಟಿಗೆಗೆ ಕಂಬಳಿ ಹೊದಿಸಿದೆ. ಸಂಜೆ ಶಾಖ ಅಳೆಯುವ ಗನ್ ಹಿಡಿದೆ — ಪೆಟ್ಟಿಗೆಯ ಗಾಳಿ ಇಪ್ಪತ್ತಮೂರು. ಮೆಲಾಟಿಯ ಮೈ ಮೂವತ್ತು!! ಗನ್ ಕೆಟ್ಟಿರಬೇಕು ಅಂತ ಗೋಡೆಗೆ, ನನ್ನ ಅಂಗೈಗೆ ಹಿಡಿದು ನೋಡಿದೆ. ಕೆಟ್ಟಿಲ್ಲ.

ಆಮೇಲೆ ಕಣ್ಣಿಗೆ ಬಿತ್ತು. ನಡುಗುತ್ತಿದ್ದಾಳೆ. ಮೈಯುದ್ದಕ್ಕೂ, ಬಿಕ್ಕಳಿಕೆ ಬಂದ ಹಾಗೆ, ಬಿಟ್ಟೂ ಬಿಡದೆ. ತಣ್ಣನೆ ರಕ್ತದ ಪ್ರಾಣಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಇಲ್ಲಿ ನೋಡಿದರೆ — ಒಲೆಯಿಲ್ಲ, ಬಿಸಿಲಿಲ್ಲ, ಹೊಟ್ಟೆಗೆ ಒಂದು ತುತ್ತಿಲ್ಲ... ಮೈಯನ್ನೇ ಕುಲುಕಿ ಕಾವು ಹುಟ್ಟಿಸುತ್ತಿದ್ದಾಳೆ. ಅಬ್ಬಾ! ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು.

ಕಾಂಗ್ ಇಯುಸ್‌ಗೆ ಹೇಳಿದೆ. "ಓದಿದ್ದೆ, ಕಂಡಿರಲಿಲ್ಲ ಕಣೇ. ನಾವು ಯಾವತ್ತೂ ಮೊಟ್ಟೆ ಕಿತ್ಕೊಂಡೇ ಬಂದಿದ್ದೀವಿ, ಎಲ್ಲಿಂದ ನೋಡ್ತೀವಿ?"

ಜುಲೈ 22

ಬರೆಯಲಾಗುತ್ತಿಲ್ಲ. ಹಾಲಿನ ಡೈರಿಯ ಕೆಲಸ ಮುಗಿಸಿ ಬಂದರೆ ಕೋಣೆ ತುಂಬ ಶೀತಕ್ಕೆ ಹಚ್ಚುವ ಕಾಯುಪುತಿ ಎಣ್ಣೆಯ ಘಾಟು. ಥರ್ಮೊಸ್ಟಾಟ್ ಮೂವತ್ತೆಂಟರಲ್ಲಿ. ಮೆಲಾಟಿ ಮೊಟ್ಟೆ ಬಿಟ್ಟು ನೀರಿನ ಬೋಗುಣಿಯಲ್ಲಿ ಬಿದ್ದುಕೊಂಡಿದ್ದಾಳೆ.

"ಯಾರು ಮುಟ್ಟಿದ್ದು ಇದನ್ನ?" ಕಿರುಚಿದೆ.

ಅಂಬು ನಗುನಗುತ್ತಲೇ ಬಂದಳು. "ನಾನೇ ಕಣೇ. ಗಡಗಡ ನಡುಗ್ತಿದ್ಲು. ಮೈಯೊಳಗೆ ಗಾಳಿ ಹೊಕ್ಕಿದೆ, ಪಾಪ, ಬಾಣಂತಿ ಬೇರೆ. ಬೆನ್ನಿಗೆ ಎಣ್ಣೆ ಹಚ್ಚಿ ನಾಣ್ಯದಲ್ಲಿ ಕೆರೆದು ಗಾಳಿ ತೆಗೆಯೋಣ ಅಂದ್ರೆ ಕೈ ಹಾಕೋ ಧೈರ್ಯ ಬರ್ಲಿಲ್ಲ. ಪೆಟ್ಟಿಗೆಗೆ ಸವರ್ದೆ, ಎಣ್ಣೆ ವಾಸನೆ ಆದ್ರೂ ಅವಳ ಮೂಗಿಗೆ ಹೋಗ್ಲಿ ಅಂತ. ಬಿಸೀನೂ ಜಾಸ್ತಿ ಮಾಡ್ದೆ."

"ಅದು ಚಳಿಗಲ್ಲ ಅಂಬು! ಮೊಟ್ಟೆಗೆ ಕಾವು ಕೊಡೋಕೆ! ಬೇಯಿಸಿಬಿಟ್ಟೆಯಲ್ಲ ನೀನು!"

ಅಂದುಬಿಟ್ಟೆ. ಅವಳ ಮುಖ ಇಷ್ಟಾಯಿತು. ಈಗ ಬರೆಯುವಾಗ ಹೊಳೆಯುತ್ತಿದೆ — ಹೊಸ್ತಿಲು ದಾಟಿದ್ದಳು. ನಡುಗ್ತಿತ್ತು ಅನ್ನಲಿಲ್ಲ, ನಡುಗ್ತಿದ್ಲು ಅಂದಳು.

ಜುಲೈ 23

ಮೆಲ್ಲಮೆಲ್ಲಗೆ ಮೂವತ್ತೊಂದಕ್ಕೆ ಇಳಿಸಿದೆ. ಡಯಲ್ಲಿಗೆ ಟೇಪು ಸುತ್ತಿದೆ. ಮೆಲಾಟಿ ಮೊಟ್ಟೆಗಳಿಗೆ ಮರಳಿದ್ದಾಳೆ, ಏನೂ ಆಗಿಲ್ಲವೆಂಬಂತೆ. ಒಳಗಿನವು ಬದುಕಿವೆಯೋ ಇಲ್ಲವೋ... ಕೈ ಚಾಚಿದರೆ ಕಚ್ಚಲು ಬರುತ್ತಾಳೆ. ಕಾಯಬೇಕು, ಬೇರೆ ದಾರಿಯಿಲ್ಲ.

ಆಗಸ್ಟ್ 17

ಸ್ವಾತಂತ್ರ್ಯ ದಿನ. ಕೇರಿಯಲ್ಲಿ ಹಪ್ಪಳ ತಿನ್ನುವ ಪಂದ್ಯ. ಪ್ರತಿ ವರ್ಷ ಅಂಬುವೇ ಮುಂದೆ, ಈ ಸಲ ಹೋಗಲಿಲ್ಲ. ಕೋಣೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು.

"ಸತ್ತಿದ್ರೆ ಹೇಳ್ಬಿಡೇ. ನನ್ನ ಮುಖ ನೋಡಿ ಸುಳ್ಳು ಹೇಳ್ಬೇಡ."

ನನಗೂ ಗೊತ್ತಿಲ್ಲ ಅಂದೆ. ನಂಬಲಿಲ್ಲ.

ಸೆಪ್ಟೆಂಬರ್ 1

ಮೇಲಿನ ಎರಡು ಮೊಟ್ಟೆ ಕುಸಿದಿವೆ. ಬೂಷ್ಟು ಹಿಡಿದಿದೆ. ಮುಚ್ಚಿಡಲಿಲ್ಲ, ಹೇಳಿದೆ. ಅಂಬು ತಲೆವಸ್ತ್ರದ ಅಂಚನ್ನು ಬಾಯಿಗೊತ್ತಿ ಎದ್ದು ನಮಾಜಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬೈದ ನನ್ನ ನಾಲಿಗೆ ಸೀದುಹೋಗಬಾರದೇ.

ಸೆಪ್ಟೆಂಬರ್ 3, ಮಧ್ಯಾಹ್ನ

ಒಂದು ಮೊಟ್ಟೆ ಸೀಳಿದೆ!! ಕಿರುಬೆರಳ ತುದಿಯಷ್ಟು ಮೂತಿ. ಸೀಳಿನಲ್ಲಿ ಗುಳ್ಳೆ ಏಳುತ್ತಿದೆ.

"ಅಂಬು! ಬಾ!"

ಹೊಸ್ತಿಲಲ್ಲೇ ನಿಂತಳು. ಎಳೆದುಕೊಂಡು ಬಂದೆ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು.

"ಬದುಕಿದ್ಯೇನೇ?"

"ಉಸಿರಾಡ್ತಿದೆ ನೋಡು."

"ಯಾ ಅಲ್ಲಾ..." ಅಷ್ಟೇ. ಕೆನ್ನೆ ಮೇಲೆ ನೀರು ಇಳಿಯಿತು. ಅಷ್ಟರಲ್ಲಿ ಮೆಲಾಟಿಯ ಮೈ ಮತ್ತೆ ಕಂಪಿಸಿತು. ಅಂಬುವಿನ ಕೈ ತಂತಾನೇ ಡಯಲ್ಲಿನತ್ತ ಹೋಯಿತು. ನಾನು ತಡೆಯುವ ಮೊದಲೇ ಆ ಕೈಯನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.

"ನಡುಗ್ಲಿ," ಅಂದಳು. "ನಡುಗು ತಾಯಿ, ನಡುಗು."

ನಾನು ಬರೆಯಲು ಈಚೆ ಬಂದೆ, ಅವಳು ಅಲ್ಲೇ ಇದ್ದಾಳೆ. ಕ್ಷಮಿಸು ಅಂತ ನಾನಿನ್ನೂ ಕೇಳಿಲ್ಲ. ಇವತ್ತು ಕೇಳಲೇಬೇ— ಕೂಗುತ್ತಿದ್ದಾಳೆ, "ಇಮಾಸ್, ಇನ್ನೊಂದು! ಇನ್ನೊಂದು ಸೀಳ್ತು, ಬಾ!"