ಉಗುರಂಚಿನ ಮದರಂಗಿ

ವೈನಿ,

ನಿಮ್ಮ ಮೈದುನ ನಸುಕಿನ ಬಸ್ಸಿಗೆ ಕಮಲಾಪುರಕ್ಕೆ ಹೊರಟ. ನೀವು ಬಲಗೈ ಕಿರುಬೆರಳನ್ನು ದಿಂಬಿನ ಮೇಲೆ ಕೂಸಿನಂತೆ ಮಲಗಿಸಿಕೊಂಡು ಕನಸಿನಲ್ಲಿ ನಗುತ್ತಿದ್ದಿರಿ. ಎಬ್ಬಿಸಲು ಅವನಿಗೆ ಮನಸ್ಸಾಗಲಿಲ್ಲ.

ನಿನ್ನೆ ಬಾಗಿಲಾಚೆ ನಿಂತು "ಅವ್ವಾ, ಬಾಗಲಾ ತಗೀ" ಎಂದು ತಮಾಷೆಗೆ ಅಣ್ಣನ ದನಿಯನ್ನು ಅಣಕಿಸಿದಾಗ, ನೀವು ಓಡಿಬಂದು ಚಿಲಕಕ್ಕೆ ಉಗುರು ಸಿಕ್ಕಿಸಿಕೊಳ್ಳುತ್ತೀರೆಂದು ಆ ಬಿ.ಎ. ಪಂಡಿತನಿಗೆ ಹೊಳೆಯಲೇ ಇಲ್ಲ.

ಉಗುರಿನ ಸೀಳಿನ ಮೇಲೆ ಗಾಳಿಪಟದ ತೆಳು ಕಾಗದ ಇಟ್ಟು ಜಾಲಿ ಅಂಟು ಸವರಿದ್ದಾನೆ. ಇವತ್ತು ಅದಕ್ಕೆ ನೀರು ಸೋಕಿಸಬೇಡಿ. ಮುಸುರೆ ಅವ್ವ ತಿಕ್ಕುತ್ತಾಳೆ. "ನಮ್ ಕಾಲದಾಗ ಕೈ ಮುರಿದ್ರೂ ರೊಟ್ಟಿ ಬಡೀತಿದ್ವಿ" ಎನ್ನುತ್ತಾಳೆ, ಅನ್ನಲಿ. ಉಗುರಿನ ಬುಡಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು, ಅಂಟಿನ ಮೇಲೆ ಬೇಡ. ಎದ್ದ ಚೂರನ್ನು ಹಲ್ಲಿನಿಂದ ಕಿತ್ತೀರಿ, ಜೋಕೆ!

ಮದುವೆಯ ಮದರಂಗಿ ಉಳಿದ ಉಗುರುಗಳಿಂದ ಎಂದೋ ಹೋಯಿತು. ಇದರ ತುದಿಯಲ್ಲಿ ಮಾತ್ರ ಕೆಂಪು ಚಂದ್ರನ ಚೂರಿನಂತೆ ನಿಂತಿದೆ. ಮದುವೆಯಾದ ವಾರದಲ್ಲೇ ರಜಾಕಾರರ ಗದ್ದಲಕ್ಕೆ ಗಡಿ ದಾಟಿದ ಅಣ್ಣ ಬಂದು ನೋಡುವ ತನಕ ಇದನ್ನು ಕತ್ತರಿಸುವುದಿಲ್ಲವೆಂದು ನೀವು ಹಟ ಹಿಡಿದದ್ದು ನಿಮ್ಮ ಮೈದುನನಿಗೆ ಗೊತ್ತು.

ಅಣ್ಣ ಕಮಲಾಪುರದ ಸೋದರಮಾವನ ಮನೆ ಮುಟ್ಟಿದ್ದಾನೆಂದು ಸುದ್ದಿ ಬಂದಿದೆ. ಖರೇನರೀ, ಅವ್ವನ ಆಣೆ.

ಸಂಜೆ ಬಾಗಿಲಲ್ಲಿ ಮತ್ತೆ ಅದೇ ದನಿ ಕೇಳಿದರೆ, ಮೈದುನನ ಆಟವೆಂದು ಸುಮ್ಮನೆ ಕೂಡಬೇಡಿ. ಚಿಲಕವನ್ನು ಮಾತ್ರ ಎಡಗೈಯಿಂದ ತೆಗೆಯಿರಿ. ಇವತ್ತೊಂದು ದಿನ ಯಾರೂ ಅದನ್ನು ಅಪಶಕುನ ಎನ್ನುವುದಿಲ್ಲ.

ನಿಮ್ಮ ಮೈದುನ ರೇವಣಸಿದ್ಧ