ಹೊಲಿಗೆಗೆ ಬಿಟ್ಟ ಎರಡು ಬೆರಳು

ಮನೆಯಿಂದ,
ಭಾನುವಾರ ಮಧ್ಯಾಹ್ನ, ಹದಿನಾಲ್ಕನೇ ತಾರೀಖು

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಕೆಮ್ಮು ಹೋಯಿತೇ? ಆ ದ್ವೀಪದ ಗಾಳಿ ನೇರವಾಗಿ ಕಿವಿಗೇ ನುಗ್ಗುತ್ತದೆ ಎಂದು ಬರೆದಿದ್ದೆಯಲ್ಲ, ನಾನು ಕಳಿಸಿದ ಉಣ್ಣೆಯ ಟೋಪಿಯನ್ನು ತಲೆಗೆ ಹಾಕಿಕೊಳ್ಳುತ್ತಿದ್ದೀಯೋ ಅಥವಾ ಗಾಳಿ ಅಳೆಯುವ ಆ ಕಂಬಕ್ಕೆ ತೊಡಿಸಿಟ್ಟಿದ್ದೀಯೋ ನನಗೇನು ಗೊತ್ತು. ಹವಾಮಾನ ಕೇಂದ್ರದಲ್ಲಿ ಕೂತು ಊರಿಗೆಲ್ಲ ಮಳೆ ಬಿಸಿಲು ಹೇಳುವವಳು ನೀನು, ನಿನ್ನ ನೆಗಡಿ ಮಾತ್ರ ನಿನಗೆ ಮೊದಲೇ ತಿಳಿಯುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಆದರೆ ಈ ಮನೆಯಲ್ಲಿ ನನ್ನ ಮಾತು ಕೇಳುವವರು ಮೊದಲಿಂದಲೂ ಕಡಿಮೆಯೇ. ನಿಮ್ಮಪ್ಪನೂ ಚೆನ್ನಾಗಿದ್ದಾರೆ. ಇದನ್ನು ಹಿಂದಿನ ಪತ್ರಗಳಲ್ಲಿ ನಿನ್ನ ಸಮಾಧಾನಕ್ಕೆ ಬರೆಯುತ್ತಿದ್ದೆ, ಈ ಸಲ ನಿಜವನ್ನೇ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಂಚೆಯ ದೋಣಿ ಹೊರಡುತ್ತದೆ, ಅದಕ್ಕೇ ಹೊಲಿಗೆ ಮೇಜಿನ ಮೇಲಿನ ಬಟ್ಟೆಗಳನ್ನೆಲ್ಲ ಒಂದು ಕಡೆ ತಳ್ಳಿ ಕೂತಿದ್ದೇನೆ. ಅಕ್ಷರದಲ್ಲಿ ಸ್ವಲ್ಪ ಜಂಬ ಕಂಡರೆ ತಪ್ಪು ತಿಳಿಯಬೇಡ. ಈ ವಾರ ನಿನ್ನ ಅಮ್ಮನಿಗೆ ಎರಡು ಕೊಂಬು ಮೂಡಿವೆ.

ನಮ್ಮ ಹಳೆಯ ಕಾರಿನ ಬಗ್ಗೆ ನೀನು ಬರೆದದ್ದನ್ನು ನಾನು ಎರಡು ಮೂರು ಸಲ ಓದಿದೆ. ಷೆಡ್ಡಿನಲ್ಲಿ ಸುಮ್ಮನೆ ನಿಂತ ಕಾರನ್ನು ದಿನಾ ನೋಡಿ ಅಪ್ಪ ಕುಗ್ಗುತ್ತಿದ್ದಾರೆ, ಅದು ಕಣ್ಣೆದುರಿನಿಂದ ಹೋದರೇ ವಾಸಿ, ಗುಜರಿಯವನ ಹತ್ತಿರ ಮಾತಾಡಿದ್ದೇನೆ, ತಿಂಗಳ ಕೊನೆಗೆ ಬಂದು ಎಳೆದುಕೊಂಡು ಹೋಗುತ್ತಾನೆ ಎಂದು ನೀನು ಬರೆದಿದ್ದೆ. ನಿನ್ನ ಮೇಲೆ ನನಗೆ ಕೋಪವಿಲ್ಲ. ಕಳೆದ ರಜೆಯಲ್ಲಿ ನೀನೂ ಕಣ್ಣಾರೆ ನೋಡಿದೆಯಲ್ಲ, ನಡುಗುವ ಕೈಯಿಂದ ಸ್ಪ್ಯಾನರು ಜಾರಿ ಎಂಜಿನ್ನಿನ ಸಂದಿಗೆ ಬಿತ್ತು, ಅವರು ಅದನ್ನು ಹುಡುಕಲೂ ಇಲ್ಲ, ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು ಒಳಗೆ ಬಂದರು. ಅವತ್ತಿನಿಂದ ಉಪಕರಣದ ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ನೀನು ಹೊರಟ ಮೇಲೆ ನಡುಕ ಇನ್ನೂ ಹೆಚ್ಚಾಯಿತು. ಯಾರಾದರೂ ಬಂದರೆ ಚಹಾ ಬೇಡ ಎನ್ನುತ್ತಿದ್ದರು, ನಾವಿಬ್ಬರೇ ಇದ್ದಾಗ ನಾನು ಲೋಟಕ್ಕೆ ಅರ್ಧವೇ ಹಾಕಿ ಕೊಡುತ್ತಿದ್ದೆ. ನನ್ನ ಪತ್ರದ ಕೊನೆಗೆ ನಿನಗೆ ಎರಡು ಸಾಲು ಬರೆಯುವುದನ್ನೂ ಬಿಟ್ಟರು. ಊರಿನ ಪಂಪ್‌ಹೌಸಿನಲ್ಲಿ ಆಯುಷ್ಯವೆಲ್ಲ ನೀರು ಹಾಯಿಸಿದ ಮನುಷ್ಯ, ದಿನವಿಡೀ ಕೈ ಕಟ್ಟಿಕೊಂಡು ಕಿಟಕಿಯ ಪಕ್ಕ ಕೂರುತ್ತಿದ್ದರು.

ಈ ನಡುವೆ ಕಾರೂ ಕೈಕೊಟ್ಟಿತು. ಎದುರುಮನೆಯ ಮೇಷ್ಟರು ಒಂದು ದಿನ ತಮ್ಮ ಅಕ್ಕನನ್ನು ನಿಲ್ದಾಣಕ್ಕೆ ಬಿಟ್ಟು ಬರಲು ತೆಗೆದುಕೊಂಡು ಹೋದರು, ಅರ್ಧ ದಾರಿಯಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತಂತೆ. ತಂದು ನಿಲ್ಲಿಸಿದರೆ ಕೆಳಗೆ ಎಂಜಿನ್ ತಣಿಸುವ ಹಸಿರು ನೀರಿನ ಮಡು. ಮೂಲೆಯ ಗ್ಯಾರೇಜಿನ ದಪ್ಪ ಮೀಸೆಯವನನ್ನು ಕರೆಸಿದೆ. ಅವನು ಬಗ್ಗಿ ನೋಡಿ, ನೀರು ರೇಡಿಯೇಟರಿನ ಕೆಳಗೆ ಬಿದ್ದಿದೆ, ಅಂದಮೇಲೆ ರೇಡಿಯೇಟರೇ ಹೋಗಿದೆ, ಈ ಮಾದರಿಗೆ ಹೊಸದು ಎಲ್ಲೂ ಸಿಗುವುದಿಲ್ಲ ಎಂದು ಬೇಸರದಿಂದಲೇ ಹೇಳಿದ. ಪಾಪ, ಅವನ ಗ್ಯಾರೇಜಿನಲ್ಲಿ ಬೇರೆ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ನಿಮ್ಮಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ನಿನ್ನ ಪತ್ರ ಬಂದ ದಿನ ಗುಜರಿಯವನ ವಿಷಯ ಓದಿ ಹೇಳಿದಾಗಲೂ ಆಗಲಿ ಎಂಬಂತೆ ತಲೆಯಾಡಿಸಿದರು. ಆಮೇಲೆ ಊಟದ ಮಧ್ಯೆ, ತಟ್ಟೆ ನೋಡಿಕೊಂಡೇ, "ಅದು ರೇಡಿಯೇಟರ್ ಅಲ್ಲ. ನೀರು ಬೀಳೋ ಜಾಗ ಬೇರೆ, ಸೋರೋ ಜಾಗ ಬೇರೆ" ಅಂದರು. ಹಾಗಾದರೆ ಎಲ್ಲಿ ಎಂದು ನೋಡಬಾರದೇ ಎಂದು ಕೇಳಿದೆ. ಎರಡೂ ಕೈ ಎತ್ತಿ ನನ್ನ ಮುಂದೆ ಹಿಡಿದರು. "ಈ ಕೈ ಇಟ್ಕೊಂಡು ಏನ್ ನೋಡ್ಲಿ?" ನಾನು ಯೋಚಿಸಿ ಆಡಿದ ಮಾತಲ್ಲ ಪುಟ್ಟೀ, ಬಾಯಿಗೆ ಬಂದುಬಿಟ್ಟಿತು. "ನೋಡೋದು ನೀವ್ ನೋಡಿ. ಕೈ ನಂದು ತಗೊಳ್ಳಿ" ಅಂದೆ.

ಮರುದಿನ ಬೆಳಿಗ್ಗೆ ಮಂಚದ ಕೆಳಗಿನ ಪೆಟ್ಟಿಗೆ ಹೊರಗೆ ಬಂತು. ನಾನು ಹಳೆಯ ಅಂಗಿ ತೊಟ್ಟು ಸೊಂಟಕ್ಕೆ ಟವೆಲ್ಲು ಬಿಗಿದೆ, ಅವರು ಷೆಡ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು ದೊರೆಯ ಹಾಗೆ ಕೂತರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಮೊದಲ ಗಂಟೆ ಹಾಗೇ ಕಳೆಯಿತು. ಅವರು ಎಡಕ್ಕೆ ಎಂದರೆ ನಾನು ನನ್ನ ಎಡಕ್ಕೆ, ಅವರು ಅವರ ಎಡಕ್ಕೆ. ಎಂಜಿನ್ ಬಿಸಿಯಿದ್ದಾಗ ಮುಚ್ಚಳ ಮುಟ್ಟಬೇಡ ಎಂದು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ, ಎಂಜಿನ್ ಆದರೋ ಇನ್ನೂ ಶುರುವೇ ಆಗಿರಲಿಲ್ಲ. ಸೋರುವ ಜಾಗ ಹುಡುಕುವುದು ಮಾತ್ರ ನಾವು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ತಣ್ಣಗಿದ್ದಾಗ ಒಂದು ಹನಿಯೂ ಇಲ್ಲ, ಬಿಸಿಯಾದ ಮೇಲೆ ಎಲ್ಲ ಕಡೆಯೂ ಒದ್ದೆ. ಪಂಪ್‌ಹೌಸಿನಲ್ಲಿ ಹೀಗಾದಾಗ ಪೈಪಿಗೆ ಸುಣ್ಣದ ಪುಡಿ ಹಚ್ಚಿ ನೀರಿನ ಜಾಡು ನೋಡುತ್ತಿದ್ದೆವು ಎಂದು ಅವರು ನೆನಪು ಮಾಡಿಕೊಂಡರು. ಮನೆಯಲ್ಲಿ ಸುಣ್ಣ ಎಲ್ಲಿಂದ ತರಲಿ? ಆದರೆ ದರ್ಜಿಯ ಮನೆಯಲ್ಲಿ ಗುರುತು ಹಾಕುವ ಸೀಮೆಸುಣ್ಣಕ್ಕೆ ಬರವೇ? ಮುರಿದ ತುಂಡುಗಳನ್ನೆಲ್ಲ ಕುಟ್ಟಿ ಪುಡಿ ಮಾಡಿ, ಎಂಜಿನ್ ಒರೆಸಿ ಒಣಗಿಸಿ, ಮುಂಭಾಗಕ್ಕೆಲ್ಲ ಉದುರಿಸಿದೆ. ಮಗುವಿಗೆ ಸ್ನಾನ ಮಾಡಿಸಿ ಪೌಡರ್ ಹಾಕಿದಂತೆ ಕಾಣುತ್ತಿತ್ತು. ಗಾಡಿ ಚಾಲೂ ಮಾಡಿ ಕಾದೆವು. ಅವರು ಕುರ್ಚಿ ಬಿಟ್ಟು ಎದ್ದು ಬಂದು ಬಗ್ಗಿ ನೋಡುತ್ತಿದ್ದರು. ಬಿಳಿ ಪುಡಿಯ ಮೇಲೆ ಮೆಲ್ಲಗೆ ಒಂದು ಹಸಿರು ಗೆರೆ ಇಳಿಯಿತು. ಅದು ಶುರುವಾದದ್ದು ರೇಡಿಯೇಟರಿನಲ್ಲಲ್ಲ, ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಕೊಳವೆಯಲ್ಲಿ, ಎಂಜಿನ್ ಕಡೆಯ ತುದಿಯಲ್ಲಿ, ಅದನ್ನು ಬಿಗಿದ ಕ್ಲಾಂಪಿನ ಪಟ್ಟಿಯ ಅಡಿಯಲ್ಲಿ. ಅಲ್ಲಿಂದ ಕೊಳವೆಯ ಕೆಳಮೈ ಹಿಡಿದು ಹರಿದು ರೇಡಿಯೇಟರಿನ ಬುಡದಲ್ಲಿ ತೊಟ್ಟಿಕ್ಕುತ್ತಿತ್ತು. ನಿಮ್ಮಪ್ಪ ಅವತ್ತು ಮಧ್ಯಾಹ್ನ ಇನ್ನೊಂದು ಸಲ ಬಡಿಸಿಕೊಂಡು ಉಂಡರು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹಸಿರು ನೀರನ್ನು ಬೋಗುಣಿಗೆ ಇಳಿಸಿ ಮುಚ್ಚಿಟ್ಟೆ, ಬೀದಿಯ ಬೆಕ್ಕು ಬಾಯಿ ಹಾಕಿದರೆ ಸತ್ತೇ ಹೋಗುತ್ತದಂತೆ. ಕೊಳವೆ ಬಿಚ್ಚಿ ನೋಡಿದರೆ ಪಟ್ಟಿಯ ಅಡಿಯಲ್ಲಿ ಉಗುರಿನಷ್ಟು ಸೀಳು, ಇಷ್ಟಕ್ಕೆ ಇಷ್ಟೆಲ್ಲ ರಂಪ. ಮೀಸೆಯವನು ತನ್ನ ಅಟ್ಟ ಹುಡುಕಿ ಅದೇ ದಪ್ಪದ, ಅದೇ ಬಾಗಿನ, ಆದರೆ ಇನ್ನೂ ಉದ್ದದ ಒಂದು ಕೊಳವೆ ಕೊಟ್ಟ, ಅಳತೆಗೆ ಕತ್ತರಿಸಿಕೊಳ್ಳಿ ಎಂದ. ಕತ್ತರಿಸುವ ವಿಷಯ ಬಂದಾಗ ನಿಮ್ಮಪ್ಪ "ಅದು ನಿನ್ನ ಇಲಾಖೆ, ನಾನು ಬಾಯಿ ಹಾಕಲ್ಲ" ಅಂದರು. ಹಳೆಯದನ್ನು ಹೊಲಿಗೆ ಮೇಜಿನ ಮೇಲಿಟ್ಟು, ಟೇಪಿನಲ್ಲಿ ಅಳೆದು, ಗುರುತು ಹಾಕಿ ನಾನೇ ಕತ್ತರಿಸಿದೆ. ತೂರಿಸಿ, ಹೊಸ ಕ್ಲಾಂಪು ಹಾಕಿ ಬಿಗಿದೆ. ತಿರುಪು ಎಲ್ಲಿಗೆ ನಿಲ್ಲಿಸಬೇಕೆಂದು ಅವರು ನನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಹೇಳಿದರು. ಸಾಕು ಎಂದಾಗ ಆ ಬೆರಳು ನಡುಗುತ್ತಿತ್ತು, ಆದರೆ ಲೆಕ್ಕ ತಪ್ಪಲಿಲ್ಲ. ಹೊಸ ಹಸಿರು ನೀರು ತುಂಬಿ, ಕೊಳವೆ ಹಿಚುಕಿ ಹಿಚುಕಿ ಒಳಗಿನ ಗಾಳಿ ತೆಗೆದು, ಗಾಡಿ ಚಾಲೂ ಮಾಡಿದೆವು. ಒಂದು ಹನಿಯೂ ಸೋರಲಿಲ್ಲ. ನಾನು ಟವೆಲ್ಲು ಬಿಚ್ಚುವಷ್ಟರಲ್ಲಿ ಬಿಸಿಯ ಮುಳ್ಳು ಮತ್ತೆ ಏರತೊಡಗಿತು. ಏರುತ್ತಲೇ ಹೋಯಿತು. ಅವರು ಆಫ್ ಮಾಡು ಎಂದರು. "ನಾನೇ ತಪ್ಪು ಹೇಳ್ದೆ. ತಗೊಂಡು ಹೋಗ್ಲಿ ಬಿಡು" ಎಂದು ಒಳಗೆ ಹೋದರು. ಸ್ಪ್ಯಾನರು ಬಿದ್ದ ದಿನ ಹೋದ ಹಾಗೆಯೇ ಹೋದರು ಪುಟ್ಟೀ, ಅದೇ ಬೆನ್ನು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸಿಟ್ಟಿನಲ್ಲಿ ಬಾನೆಟ್ ಮುಚ್ಚಲು ಹೋದವಳು ನಿಂತೆ. ಹೊಸದಾಗಿ ಉದುರಿಸಿದ್ದ ಸೀಮೆಸುಣ್ಣದ ಪುಡಿ ಒಣಗಿಯೇ ಇತ್ತು, ಅಂದರೆ ಸೋರಿಕೆ ನಿಂತದ್ದು ನಿಜ. ಮತ್ತೆ ಕೊಳವೆಯ ಕಡೆ ನೋಡಿದೆ. ತಣ್ಣಗಿದ್ದಾಗ ಚೆಂದವಾಗಿ ಬಾಗಿ ನಿಂತಿದ್ದ ರಬ್ಬರು, ಬಿಸಿಗೆ ಮೆತ್ತಗಾಗಿ, ನಡುವಿನಲ್ಲಿ ಒಳಗೆ ಮಡಿಸಿಕೊಂಡಿತ್ತು, ಮೊಣಕೈ ಮಡಚಿದಾಗ ತೋಳು ಸುಕ್ಕಾಗುತ್ತದಲ್ಲ ಹಾಗೆ. ನೀರು ಹೋಗಲು ದಾರಿಯೇ ಇಲ್ಲ. ಸುಕ್ಕು ಕಂಡರೆ ದರ್ಜಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ, ಬಟ್ಟೆ ಹೆಚ್ಚಾದ ಕಡೆ ಸುಕ್ಕು. ಒಳಗೆ ಹೋಗಿ ಟೇಪು ತಂದು ಕೈಗೆ ಬಿಸಿ ತಾಗದಂತೆ ಅಳೆದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳಿದ್ದಾರೆಯೇ? ಜೀವಮಾನವೆಲ್ಲ ಯಾವ ಬಟ್ಟೆ ಕತ್ತರಿಸಿದರೂ ಹೊಲಿಗೆಗೆಂದು ಅಂಚು ಬಿಟ್ಟೇ ಕತ್ತರಿಸಿದ ಕೈ ಇದು. ರಬ್ಬರಿಗೂ ಬಿಟ್ಟಿದೆ. ಕಿಟಕಿಯ ಪಕ್ಕ ಕೂತವರ ಮುಂದೆ ಹೋಗಿ ನಿಂತು, "ರೀ, ನೀವ್ ಹೇಳಿದ್ದು ಸರಿಯಾಗೇ ಇದೆ. ನಾನು ಕೊಳವೆಗೆ ಹೊಲಿಗೆ ಅಂಚು ಬಿಟ್ಟಿದ್ದೀನಿ" ಎಂದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಎಷ್ಟು ಎಂದು ಕೇಳಿದರು. "ಎರಡು ಬೆರಳು. ಎರಡೂ ಕಡೆ." ಆಗ ಶುರುವಾಯಿತು ನೋಡು ನಗು. ಕುರ್ಚಿ ಅಲುಗುವಂತೆ ನಕ್ಕರು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಡುವೆ ಉಸಿರು ಸಿಕ್ಕಾಗ, ಮುಂದಿನ ವರ್ಷ ಎಂಜಿನ್ ದಪ್ಪ ಆದರೆ ಬಿಚ್ಚಿ ಸಡಿಲ ಮಾಡಬಹುದು ಎಂದು ಬಿಟ್ಟೆಯಾ ಎಂದು ಕೇಳಿದರು. ಎಷ್ಟೋ ತಿಂಗಳಿಂದ ಈ ಮನೆ ಆ ನಗು ಕೇಳಿರಲಿಲ್ಲ. ನನ್ನ ತಪ್ಪಿಗೆ ನಾನೇ ಹೆಮ್ಮೆಪಟ್ಟದ್ದು ಅದೇ ಮೊದಲು.

ಹೆಚ್ಚಿನದನ್ನು ಕತ್ತರಿಸಿ ತೆಗೆದೆ, ಈ ಸಲ ಅವರು ಪಕ್ಕದಲ್ಲೇ ನಿಂತು ಟೇಪಿನ ಇನ್ನೊಂದು ತುದಿ ಹಿಡಿದಿದ್ದರು. ಆಮೇಲೆ ಮುಳ್ಳು ಅರ್ಧಕ್ಕೆ ಬಂದು ಕೂತದ್ದು ಕೂತಲ್ಲೇ ಕೂತಿತು. ಓಡಿಸಿ ನೋಡಬೇಕಲ್ಲ? ಅವರು ಕೀಲಿಕೈ ತಂದು ನನ್ನ ಕೈಗೆ ಹಾಕಿದರು. ನೀನೂ ನಾನೂ ಒಟ್ಟಿಗೇ ಡ್ರೈವಿಂಗ್ ಕಲಿತದ್ದು ನೆನಪಿದೆಯೇ? ಇಷ್ಟು ವರ್ಷ ಲೈಸೆನ್ಸು ನನ್ನ ಬಟ್ಟೆಯ ಪೆಟ್ಟಿಗೆಯಲ್ಲಿ ಹಾಯಾಗಿ ನಿದ್ದೆ ಮಾಡುತ್ತಿತ್ತು. ಮೈದಾನ ಸುತ್ತಿ, ನೀರಿನ ಟ್ಯಾಂಕಿನ ಏರು ಹತ್ತಿ ಇಳಿದು, ಗ್ಯಾರೇಜಿನ ಮುಂದೆ ಬೇಕೆಂದೇ ನಿಧಾನ ಮಾಡಿದೆ. ಮೀಸೆಯವನು ಓಡಿ ಬಂದು ಬಾನೆಟ್ ತೆಗೆಸಿ ನೋಡಿ, ಯಾರು ಮಾಡಿದ್ದು ಎಂದು ಕೇಳಿದ. ನಾನು ಅವರು ಎಂದೆ, ಅವರು ಇವಳು ಎಂದರು, ಇಬ್ಬರೂ ಒಟ್ಟಿಗೇ. ಅವನು ನಕ್ಕು ಚಹಾ ತರಿಸಿದ. ನಿಮ್ಮಪ್ಪ ಬೇಡ ಎನ್ನಲಿಲ್ಲ. ಪೂರ್ತಿ ಲೋಟ ತೆಗೆದುಕೊಂಡರು, ಸ್ವಲ್ಪ ಅಂಗಿಯ ಮೇಲೆ ಚೆಲ್ಲಿತು, ಒರೆಸಿಕೊಂಡು ಉಳಿದದ್ದನ್ನು ಕುಡಿದರು.

ಕೈ ನೋಯುತ್ತಿದೆ, ಸಾಕುಮಾಡುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ಟೋಪಿ ತಲೆಯ ಮೇಲಿರಲಿ. ನಿನ್ನ ಜೊತೆ ಕೆಲಸ ಮಾಡುವ ಹುಡುಗಿಯರಿಗೆಲ್ಲ ನಾನು ಕೇಳಿದೆನೆಂದು ಹೇಳು. ನೂರು ಕಾಲ ಸುಖವಾಗಿ ಬಾಳು, ನನ್ನ ಬಂಗಾರಿ.

ಕೈಯ ಮಸಿ ಇನ್ನೂ ಹೋಗದ,
ನಿನ್ನ ಅಮ್ಮ

ಮರೆತೆ: ಗುಜರಿಯವನಿಗೆ ಬರಬೇಡ ಎಂದು ನೀನೇ ತಿಳಿಸಬೇಕು, ಮಾತು ಕೊಟ್ಟವಳು ನೀನು. ಇಷ್ಟೇ ಬರೆದು ಲಕೋಟೆ ಅಂಟಿಸಲು ಹೊರಟಿದ್ದೆ, ನಿಮ್ಮಪ್ಪ ಬಂದು ಪೆನ್ನು ಕೇಳಿದರು. ಕೆಳಗಿನದು ಅವರ ಕೈಬರಹ. ಅಕ್ಷರ ಸೊಟ್ಟಗಿದೆ, ನಿಧಾನವಾಗಿ ಓದು.

ಪುಟ್ಟೀ, ಗಾಡಿ ಕೊಡೋದು ಬೇಡ. ರಜೆಗೆ ಬರುವಾಗ ಬಸ್ಸು ಹತ್ತಬೇಡ, ದೋಣಿಕಟ್ಟೆಯಲ್ಲೇ ಕಾದಿರು. ನಿಮ್ಮಮ್ಮ ಓಡಿಸ್ತಾಳೆ. ಮುಳ್ಳು ನೋಡೋ ಕೆಲಸ ನಂದು. ಅಪ್ಪ.