ಅಕ್ಕ ಉಕ್ಕಿಸಬೇಕಾದ ಹಾಲು

ಫೆ. 3, ಸೋಮವಾರ
ಬೆಳಗ್ಗೆ ಅಂಗಡಿಗೆ ಟೈಲ್ಸ್ ಲೋಡ್ ಬಂತು, ಇಳಿಸಿದ್ದಾಯಿತು. ಹೊಸ ಮನೆಯ ಲಿಫ್ಟೂ ಇವತ್ತು ಓಡಿತು. ಶಿರಾಳಕೊಪ್ಪದಲ್ಲಿ ಇಂಥ ಮನೆ ಇನ್ಯಾರದ್ದಿದೆ? ಹದಿನಾರಕ್ಕೆ ಗೃಹಪ್ರವೇಶ. ಹಾಲು ಉಕ್ಕಿಸಬೇಕಾದವಳು ಮನೆಮಗಳು, ಸೊರಬದ ಶಕುಂತಲಕ್ಕ. ಅವ್ವನ ಹಳೇ ಮನೆಯನ್ನು ತನ್ನನ್ನು ಒಂದು ಮಾತೂ ಕೇಳದೆ ಕೆಡವಿ ಅಲ್ಲೇ ಇದನ್ನು ಕಟ್ಟಿದೆ ಎಂದು ಅವಳು ಮಾತು ಬಿಟ್ಟಿದ್ದಾಳೆ. ಡ್ರೈವರ್ ಕೈಲಿ ಕಾರ್ಡು, ರೇಷ್ಮೆ ಸೀರೆ, ಬೆಳ್ಳಿ ಬಟ್ಟಲು ಕಳಿಸಿದ್ದೆ— ಹೊಸ ಕಾರಲ್ಲೇ. ಎಲ್ಲ ವಾಪಸ್. ಏನು ಕೊಬ್ಬು!

ಫೆ. 6
ಮಗಳು ಗಂಗಾಶ್ರೀಗೆ ಕಾಲೇಜಲ್ಲಿ ಸೆಮಿನಾರ್. ಯಾವುದೋ ಹೊರದೇಶದ ಹಳೇ ಕಾದಂಬರಿ. ಊಟಕ್ಕೆ ಕೂತಾಗ ಕಥೆ ಹೇಳಿದಳು. ಗಿರಣಿಯ ಕೂಲಿಯವನು ಗಿರಣಿಯನ್ನೇ ಕೊಂಡ. ಅರಮನೆ ಕಟ್ಟಿದ. ಮುನಿಸಿಕೊಂಡ ಅಣ್ಣನಿಗೆ ಸಾರೋಟು ಕಳಿಸುತ್ತಲೇ ಇದ್ದ... ಅದು ಖಾಲಿ ಬರುತ್ತಲೇ ಇತ್ತು.
ಕೈಲಿದ್ದ ತುತ್ತು ತಟ್ಟೆಗಿಟ್ಟೆ. ಮಗಳು ಮುಂದುವರಿಸಿದಳು:
"ದುಡಿದ್ರೆ ಎಲ್ಲಾ ಸಿಗ್ತೈತಿ, ದುಡ್ಡಿದ್ರೆ ಎಲ್ಲಾರೂ ಬರ್ತಾರ— ಆ ಇಡೀ ದೇಶದ ಕನಸೇ ಅದಂತಪ್ಪ."
"ಆ ದೇಶದ್ದಷ್ಟೇ ಏನವ್ವ?" ಎಂದೆ.
ಅಬ್ಬಬ್ಬಾ! ಯಾವ ಕಾಲದಲ್ಲೋ, ಎಲ್ಲೋ ಕೂತು, ನನ್ನ ಹೊಟ್ಟೆಯೊಳಗಿನದ್ದನ್ನು ಬರೆದಿಟ್ಟಿದ್ದಾನಲ್ಲ ಪುಣ್ಯಾತ್ಮ!

ಫೆ. 7, ಬೆಳಗ್ಗೆ
"ಮುಂದೇನಾತು?" ಮಗಳಿಗೆ ಗಂಟುಬಿದ್ದೆ.
"ಅಣ್ಣ ಬರ್ಲೇ ಇಲ್ಲ. ಇವನೂ ಹೋಗ್ಲಿಲ್ಲ. ಅಷ್ಟೇ ಕಥಿ."
ಮನೆಮಗಳನ್ನು ಗಂಡಹೆಂಡತಿ ಹೋಗಿ ಕುಂಕುಮ ಹಚ್ಚಿ ಕರೆಯಬೇಕು. ಗೊತ್ತಿತ್ತು. ಡ್ರೈವರ್ ಕಳಿಸಿದೆ. ಥೂ, ನನ್ನ ಬುದ್ಧಿಗಿಷ್ಟು!

ಫೆ. 10
ಹೆಂಡತಿ ಧನಲಕ್ಷ್ಮಿ ಜೊತೆ ಬಸ್ಸಲ್ಲಿ ಸೊರಬಕ್ಕೆ. ಅಕ್ಕ ಹೊಸ್ತಿಲಲ್ಲೇ ನಿಂತಳು.
"ಕಾರು ಕೆಟ್ಟೈತೇನೋ, ಕೊಟ್ರಾ?"
"ಇಲ್ಲಕ್ಕ. ನನಗೇ ಬುದ್ಧಿ ಕೆಟ್ಟಿತ್ತು."
ಕುಂಕುಮ ಹಚ್ಚಿಸಿಕೊಂಡಳು. ಬರುತ್ತೇನೆ ಎನ್ನಲಿಲ್ಲ.

ಫೆ. 16, ಮಧ್ಯಾಹ್ನ
ಬಂದಳು! ಗ್ರಾನೈಟ್ ನೋಡಲಿಲ್ಲ, ಲಿಫ್ಟ್ ಹತ್ತಲಿಲ್ಲ.
"ಅವ್ವನ ಒಲಿ ಎಲ್ಲಿತ್ತೋ?"
ಕಾರು ನಿಂತಿದ್ದ ಜಾಗ ತೋರಿಸಿದೆ.
"ತೆಗಿ ಅದನ್ನ."
ತೆಗೆದೆ. ಇಟ್ಟಿಗೆ ಇಟ್ಟು ಒಲೆ ಹೂಡಿದಳು, ಸೆರಗು ಸಿಕ್ಕಿಸಿ ನೆಲಕ್ಕೆ ಕೂತಳು. ಹಾಲ್‌ನಲ್ಲಿದ್ದ ಜನ, ಪೂಜೆಯ ಅಯ್ಯನವರು, ಎಲ್ಲರೂ ಅಲ್ಲಿಗೇ ಬಂದು ಸುತ್ತ ನಿಂತರು. ಹಾಲು ಉಕ್ಕಿತು. ಹೊಗೆಯಲ್ಲಿ ಅಕ್ಕನ ಮುಖ— ಥೇಟ್ ಅವ್ವ. ಕೈಮುಗಿದು ನಿಂತುಬಿಟ್ಟೆ.
ಗಂಗಾಶ್ರೀ ಕೂಗುತ್ತಿದ್ದಾಳೆ. ಅಕ್ಕ ಹೊರಟಳಂತೆ. ಸೊರಬಕ್ಕೆ ಬಿಟ್ಟು ಬರಬೇಕು. ಕಾರೋ, ಬಸ್ಸೋ... ಈ ಸಲ ಅವಳನ್ನು ಕೇಳಿಯೇ—